ಕೊನೆಯ ಒಂಟೆಯ ಗಂಟೆ

ಗಂಟೆಯನ್ನು ಫೋಟೋ ತೆಗೆಯುವ ಫಾನ್ ಶಿಜಿಯೆಯ ಕೈಗೆ ಕೊಡುವಾಗ ಕೌ ಯುನ್‌ಷಿಯಾ ಅವನ ಮುಖ ನೋಡಲಿಲ್ಲ, ಕಾಲು ನೋಡಿದಳು. ಮುಖವನ್ನು ಎಂಥವನೂ ಹದಕ್ಕೆ ತಂದುಕೊಳ್ಳುತ್ತಾನೆ. ಕಾಲು ಮಾತ್ರ ತಾನು ಹೋಗಬೇಕಾದ ದಿಕ್ಕಿಗೇ ತಿರುಗಿಕೊಂಡಿರುತ್ತದೆ. ಇಪ್ಪತ್ತೊಂದು ವರ್ಷ ಗೈಡ್ ಆಗಿ ಸಾವಿರಾರು ಪ್ರವಾಸಿಗರನ್ನು ಮೇಯಿಸಿ ಅವಳು ಕಲಿತ ವಿದ್ಯೆ ಇದು.

ಫಾನ್‌ನ ಕಾಲು ತನ್ನ ಕ್ಯಾಮೆರಾ ಸ್ಟ್ಯಾಂಡಿನ ಕಡೆಗಿತ್ತು.

"ಚೈ ಕಾಕಾಗೆ ಇವತ್ತು ಕೈ ನೋವಂತೆ ಕಣೋ. ಐದೂ ಒಂಟೆನ ನೀನೇ ಸಾಲಿಗೆ ಕಟ್ಟಿ ನಿಲ್ಸು. ಎಲ್ಲರದ್ದೂ ಸೇರಿ ಒಂದು ಫೋಟೋ ಆಗ್ಲಿ."

"ಗುಂಪಿನ ಫೋಟೋ ಎಂಬತ್ತು ಯುವಾನ್, ಅಕ್ಕ."

"ನನ್ನ ಹತ್ರಾನೂ ವ್ಯಾಪಾರನಾ?"

"ಆಯ್ತು, ನಿಮ್ಮ ಮುಖ ನೋಡಿ ಎಪ್ಪತ್ತು. ನಿಮ್ಮ ಮುಖ ಫೋಟೋದಲ್ಲಿ ಬರದೆ ಇದ್ರೆ ಅರವತ್ತು."

ಪ್ರವಾಸಿಗರು ನಕ್ಕರು. ಯುನ್‌ಷಿಯಾಳೂ ನಕ್ಕಳು. ಮೂರು ದಿನದ ಹಿಂದೆ ಹೋಂಗ್‌ಲಿಯು ಹಳೇ ಪೇಟೆಯ ವಸ್ತುಸಂಗ್ರಹಾಲಯದಿಂದ ಎರಡು ಸಾವಿರ ವರ್ಷ ಹಳೆಯ, ಅಕ್ಷರ ಬರೆದ ಮರದ ಪಟ್ಟಿಯೊಂದು ಕಳುವಾಗಿತ್ತು. ಒಂಟೆ ನಡೆಸುವ ಚೈ ದೆಕುಯಿಯೇ ಕದ್ದದ್ದು ಎಂದು ಊರಿಗೆ ಊರೇ ನಂಬಿತ್ತು. ಸಂಜೆ ಆರಕ್ಕೆ ಅವನನ್ನು ಜಿಲ್ಲಾ ಠಾಣೆಗೆ ಒಯ್ಯುವ ಜೀಪು ಮರಳದಿಬ್ಬದ ಕೆಳಗೆ ಆಗಲೇ ಬಂದು ನಿಂತಿತ್ತು.

ಈಗ ನಾಲ್ಕೂ ಇಪ್ಪತ್ತು.

ದಿಬ್ಬದ ನೆತ್ತಿಯ ಮೇಲೆ ಹದಿನಾರು ಜನ ಪ್ರವಾಸಿಗರು ಮೊಣಕಾಲಿನವರೆಗೆ ಕಿತ್ತಳೆ ಬಣ್ಣದ ಬಟ್ಟೆಯ ಗವಸು ತೊಟ್ಟು, ಕೊಳ ಹುಡುಕಿಕೊಂಡು ಬಂದ ಬಾತುಕೋಳಿಗಳ ಹಾಗೆ ನಿಂತಿದ್ದರು. ಅವರ ನಡುವೆ ಅದೇ ಗವಸು ತೊಟ್ಟು ಅತ್ತಿತ್ತ ಜಾರುತ್ತಿದ್ದ ದಪ್ಪ ಮನುಷ್ಯ ಪ್ರವಾಸಿಗನಲ್ಲ. ಅವನು ಪೊಲೀಸ್ ಅಧಿಕಾರಿ ಗೆಂಗ್. "ಒಂದು ಸುತ್ತು, ಕೌ ಅಕ್ಕ. ಒಂದೇ ಒಂದು ಸುತ್ತು. ಆಮೇಲೆ ಮುದುಕನ್ನ ನನಗೆ ಬಿಟ್ಟುಕೊಡ್ಬೇಕು," ಎಂದು ಬೆಳಿಗ್ಗೆ ಹಳದಿ ನೂಡಲ್ಸ್ ಅಂಗಡಿಯಲ್ಲಿ ಮಾತು ಕೊಟ್ಟು ಬಂದಿದ್ದ.

ಚೈ ದೆಕುಯಿ ಸ್ವಲ್ಪ ದೂರದಲ್ಲಿ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಅರವತ್ತಮೂರು ವರ್ಷದ ಆ ಮನುಷ್ಯನ ಎದೆಯ ಮೇಲೆ ಯಾವಾಗಲೂ ಇರುತ್ತಿದ್ದ ನಲವತ್ತೇಳು ಎಂಬ ಬಿಲ್ಲೆ ಇರಲಿಲ್ಲ. ಅದನ್ನು ನಿನ್ನೆಯೇ ಕಿತ್ತುಕೊಂಡಿದ್ದರು. ಬಿಲ್ಲೆಯಿಲ್ಲದೆ ಇಲ್ಲಿ ಯಾರೂ ಒಂಟೆ ನಡೆಸುವಂತಿಲ್ಲ.

ಫಾನ್ ಕೆಲಸದಲ್ಲಿ ಚುರುಕು. ಹಿಂದಿನ ಒಂಟೆಯ ಮೂಗುದಾರವನ್ನು ಮುಂದಿನ ಒಂಟೆಯ ಜೀನಿಗೆ ಜಾರುಗಂಟು ಹಾಕಿ ಕಟ್ಟುತ್ತ ಬಂದ. ಒಂದು, ಎರಡು, ಮೂರು, ನಾಲ್ಕು. ಕೊನೆಗೆ ಗೇಣುದ್ದದ ಆ ಕಬ್ಬಿಣದ ಗಂಟೆಯನ್ನು ಎತ್ತಿಕೊಂಡ. ಒಂದು ಚಣವೂ ಯೋಚಿಸಲಿಲ್ಲ. ಸೀದಾ ಹೋಗಿ ಎಲ್ಲಕ್ಕಿಂತ ಮುಂದಿದ್ದ ಒಂಟೆಯ ಕೊರಳಿಗೆ ಹಾಕಿದ.

ಚೈ ತಲೆಯೆತ್ತಿದ. ಮೂರು ದಿನದಲ್ಲಿ ಮೊದಲ ಸಲ ಆ ಮನುಷ್ಯ ಸರಿಯಾಗಿ ತಲೆಯೆತ್ತಿದ್ದು.

"ಗಂಟೆ ಎಲ್ಲಿ ಹಾಕ್ದೆ ಫಾನ್?" ಯುನ್‌ಷಿಯಾ ಕೇಳಿದಳು.

"ಕೊರಳಿಗೆ. ಇನ್ನೇನು ಬಾಲಕ್ಕೆ ಹಾಕ್ಬೇಕಿತ್ತಾ?"

"ಯಾವ ಒಂಟೆ ಕೊರಳಿಗೆ?"

"ಮುಂದಿನದಕ್ಕೆ. ಫೋಟೋದಲ್ಲಿ ಚೆನ್ನಾಗಿ ಬರ್ಬೇಕಲ್ಲ. ಯಾಕೆ?"

"ಯಾಕೂ ಇಲ್ಲ. ನೀನು ಹಾಕಿದ್ದನ್ನ ಹದಿನೇಳು ಜನ ನೋಡಿದ್ರು. ಅಷ್ಟು ಸಾಕು ನನಗೆ."

ಅವಳು ಸೊಂಟದ ಸ್ಪೀಕರಿನ ಗುಂಡಿ ಒತ್ತಿದಳು. ತುದಿಗೆ ಗೊಂಬೆ ಒಂಟೆ ಕಟ್ಟಿದ ನೀಲಿ ಬಾವುಟವನ್ನು ಎತ್ತಿ ಹಿಡಿದಳು. ಕೋಟೆ ಬಾಗಿಲು ತೋರಿಸುವಾಗ, ಕಾವಲುಗೋಪುರದ ಕಥೆ ಹೇಳುವಾಗ ಬರುವ ಅದೇ ಗೈಡಿನ ದನಿ ಬಂತು.

"ಎಲ್ಲರೂ ನನ್ನ ಬಾವುಟದ ಕಡೆ ಬನ್ನಿ. ಇದು ಟಿಕೆಟ್ಟಿನಲ್ಲಿ ಬರೆದಿಲ್ಲದ ಪ್ರೇಕ್ಷಣೀಯ ಸ್ಥಳ. ಚೈ ಕಾಕಾ, ನೀವೇ ಹೇಳಿ. ಗಂಟೆ ಯಾವ ಒಂಟೆಗೆ?"

ಚೈ ಎದ್ದು ನಿಂತ.

"ಕಡೀ ಒಂಟಿಗ್ರಿ. ಯಾವತ್ತಿದ್ರೂ ಕಡೀ ಒಂಟಿಗೆ."

"ಯಾಕೆ?"

"ಯಾಕಂದ್ರ, ಸಾಲು ಹಿಡದು ಮುಂದ ನಡಿಯೋವ್ನಿಗೆ ಬೆನ್ನಾಗ ಕಣ್ಣಿರಂಗಿಲ್ಲ. ಗಾಳಿ ಎದ್ದಿರತೈತಿ, ಮರಳು ಕಣ್ಣಿಗೆ ಹೊಡಿತಿರತೈತಿ. ಹಿಂದ ಗಂಟಿ ಬಡೀತಿದ್ರ ಎಲ್ಲಾ ಬರಾಕತ್ಯಾವ ಅಂತ ತಿಳಕೋಬೇಕು. ಗಂಟಿ ನಿಂತ್ರ ಎಲ್ಲೋ ದಾರ ಬಿಚ್ಚೈತಿ, ಒಂಟಿ ಹೋತು ಅಂತ. ಮುಂದಿನ ಒಂಟಿಗೆ ಕಟ್ಟಿದ್ರ ಏನ್ ಉಪಯೋಗರಿ? ಅದು ಹೆಂಗೂ ನನ್ನ ಕೈಯಾಗ ಇರತೈತಿ."

ವೂಷಿ ಊರಿನಿಂದ ಬಂದಿದ್ದ, ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡು ಎರಡು ಕಣ್ಣು ಮಾತ್ರ ಬಿಟ್ಟಿದ್ದ ಹೆಂಗಸು, "ಅಯ್ಯೋ, ಎಷ್ಟು ಸರಳ," ಎಂದಳು.

"ಸರಳ ಅಲ್ವಾ? ಈಗ ಎಲ್ಲರೂ ಕಣ್ಣು ಮುಚ್ಕೊಳ್ಳಿ."

"ಕಣ್ಣು ಮುಚ್ಚೋಕೆ ಮುನ್ನೂರೈವತ್ತು ಯುವಾನ್ ಕೊಟ್ಟು ಬಂದ್ವಾ?" ಎಂದ ಒಬ್ಬ.

"ಮುಚ್ಕೊಳ್ಳಿ ಸಾರ್. ತೆರೆದಾಗ ದುಡ್ಡು ವಸೂಲಾಗಿರುತ್ತೆ."

ಹದಿನಾರು ಜನ ಆ ಬಿಸಿಲಿನಲ್ಲಿ, ಆ ಮರಳಿನ ಮೇಲೆ ಕಣ್ಣು ಮುಚ್ಚಿ ನಿಂತರು. ಯುನ್‌ಷಿಯಾ ಫೋನನ್ನು ತೆಗೆದು ಮೈಕಿನ ಹತ್ತಿರ ಹಿಡಿದಳು.

ಅದು ಗೆಂಗ್‌ನನ್ನು ಕಾಡಿ ಪಡೆದಿದ್ದ, ವಸ್ತುಸಂಗ್ರಹಾಲಯದ ಹಿಂಬಾಗಿಲ ಸಿಸಿ ಕ್ಯಾಮೆರಾದ ತುಣುಕು. ಕಳ್ಳತನದ ದಿನ ಬೆಳಕು ಹರಿಯುವ ಮುಂಚಿನದು. ಅದರಲ್ಲಿ ಕಾಣುತ್ತಿದ್ದುದು ಇಷ್ಟು: ಚೈನ ಕುರಿತುಪ್ಪಳದ ಕೋಟು, ಚೈನ ಅಗಲ ಟೋಪಿ, ಚೈನ ಐದು ಒಂಟೆಗಳು. ಮನುಷ್ಯ ಗಲ್ಲಿಯಲ್ಲಿ ಬರುತ್ತಾನೆ, ಒಂಟೆಗಳು ಹಿಂಬಾಗಿಲಿಗೆ ಅಡ್ಡವಾಗಿ ನಿಲ್ಲುತ್ತವೆ, ಎರಡು ನಿಮಿಷದವರೆಗೆ ಆ ಜೋಡಿಗೂನಿನ ಒಂಟೆಗಳ ಹತ್ತು ಗೂನು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಆಮೇಲೆ ಹೊರಟುಹೋಗುತ್ತವೆ. ಆ ಗಲ್ಲಿಯ ಜನ ಹಾಸಿಗೆಯಲ್ಲೇ ಗಂಟೆ ಕೇಳಿ, ಚೈ ಹೊರಟ ಅಂತ ಮಗ್ಗುಲು ಬದಲಿಸಿದ್ದರು.

ಯುನ್‌ಷಿಯಾ ಅದನ್ನು ಹದಿನೆಂಟು ಸಲ ನೋಡಿದ್ದಳು. ಏನೂ ಹೊಳೆದಿರಲಿಲ್ಲ. ಹತ್ತೊಂಬತ್ತನೆಯ ಸಲ ಫೋನನ್ನು ವಿನೆಗರ್ ಸೀಸೆಗೆ ಒರಗಿಸಿಟ್ಟು, ಬೆನ್ನು ತಿರುಗಿಸಿ ಬಟ್ಟಲು ತೊಳೆಯುತ್ತಿದ್ದಳು. ಆಗ ಕೇಳಿಸಿತು. ಕೈಯಲ್ಲಿದ್ದ ಬಟ್ಟಲು ಜಾರಿ ತೊಟ್ಟಿಗೆ ಬಿತ್ತು.

ಈಗ ಮರಳದಿಬ್ಬದ ಮೇಲೆ ಅದೇ ಸದ್ದು. ಢಣ್, ಢಣ್, ಢಣ್. ಸ್ಪೀಕರಿನಲ್ಲಿ ಗಂಟೆ ಹತ್ತಿರ ಬಂತು, ತೀರಾ ಹತ್ತಿರವಾಯಿತು, ತಲೆಯ ಮೇಲೆಯೇ ಬಡಿದಂತಾಯಿತು. ದಾಟಿತು. ಆಮೇಲೆ ಧಪ್ ಧಪ್ ಎಂದು ಮೆತ್ತಗಿನ ಹೆಜ್ಜೆಗಳು. ಒಂಟೆಯ ಹಿಂದೆ ಒಂಟೆ. ಯಾವುದೋ ಒಂದು ಸೀನಿತು. ಹೆಜ್ಜೆಗಳು ಇನ್ನೂ ಬರುತ್ತಲೇ ಇದ್ದವು. ಗಂಟೆ ಆಗಲೇ ಗಲ್ಲಿಯ ಆಚೆ ಕ್ಷೀಣವಾಗಿತ್ತು.

ಕಣ್ಣು ಮುಚ್ಚಿಕೊಂಡೇ ವೂಷಿಯ ಹೆಂಗಸು ಹೇಳಿದಳು: "ಗಂಟೆ ಮೊದಲು ಹೋಯ್ತು. ಒಂಟೆಗಳು ಆಮೇಲೆ ಬಂದ್ವು."

"ಇನ್ನೊಂದು ಸಲ ಹೇಳಿ ಅಮ್ಮ, ಅಲ್ಲೊಬ್ಬರಿಗೆ ಕೇಳಿಸ್ಬೇಕು."

"ಗಂಟೆ ಮುಂದಿನ ಒಂಟೆಗೆ ಕಟ್ಟಿತ್ತು."

ಗೆಂಗ್ ಕಣ್ಣು ತೆರೆದ. ಅವನ ಬಾಯಿಯೂ ತೆರೆದಿತ್ತು.

ಚೈಗೆ ಠಾಣೆಯಲ್ಲಿ ತೋರಿಸಿದ್ದು ಈ ತುಣುಕಲ್ಲ, ಕಾಗದದ ಮೇಲೆ ಅಚ್ಚು ಹಾಕಿದ ನಾಲ್ಕು ಚಿತ್ರ. ಕಾಗದಕ್ಕೆ ಸದ್ದಿಲ್ಲ. ಇಲ್ಲದಿದ್ದರೆ ಆ ಮುದುಕ ಮೊದಲ ದಿನವೇ ಹೇಳಿಬಿಡುತ್ತಿದ್ದ. ಐವತ್ತು ವರ್ಷ ಬೆನ್ನ ಹಿಂದಿನ ಗಂಟೆ ಕೇಳಿದ ಮನುಷ್ಯ, ನಿದ್ದೆಯಲ್ಲಿಯೂ ಅದನ್ನು ಮುಂದಿನ ಒಂಟೆಗೆ ಕಟ್ಟಲಾರ.

ಫಾನ್ ಮೆಲ್ಲಗೆ ಚಪ್ಪಾಳೆ ತಟ್ಟಿದ.

"ಭೇಷ್ ಅಕ್ಕ. ಅಂದ್ರೆ ಕಳ್ಳ ಒಂಟೆಯವನಲ್ಲ. ಒಪ್ಪಿದೆ. ಹಾಗಂತ ನಾನೇ ಆಗ್ಬೇಕಾ? ಈ ಹದಿನಾರು ಜನರಲ್ಲಿ ಯಾರ ಕೈಗೆ ಗಂಟೆ ಕೊಟ್ರೂ ಮುಂದಿನದಕ್ಕೇ ಕಟ್ತಾರೆ. ಇಡೀ ಚೀನಾನ ಠಾಣೆಗೆ ಕರೆಸ್ತೀರಾ?"

ಮಾತಿನಲ್ಲಿ ಬಲವಿತ್ತು. ಗೆಂಗ್ ಕೂಡ ಯುನ್‌ಷಿಯಾಳ ಕಡೆ ತಿರುಗಿದ.

"ಗಂಟೆ ಕಟ್ತಾರೆ," ಎಂದಳು ಅವಳು. "ಆದ್ರೆ ಐದು ಒಂಟೆ ಸಾಲಿಗೆ ಕಟ್ಟಿ, ಕತ್ತಲ ಗಲ್ಲಿಯಲ್ಲಿ ಒಂದೂ ಕಿರುಚದ ಹಾಗೆ ನಡೆಸಿ, ಹೇಳಿದ ಕಡೆ ನಿಲ್ಲಿಸೋಕೆ ಎಷ್ಟು ಜನಕ್ಕೆ ಬರುತ್ತೆ? ಜಾರುಗಂಟು ಗೊತ್ತು, ಒಂಟೆಗಳಿಗೆ ಪರಿಚಯ, ಕೋಟು ಟೋಪಿ ಗಂಟೆ ಯಾವ ಮೊಳೆಗೆ ತೂಗುಹಾಕಿರುತ್ತೆ ಅಂತಾನೂ ಗೊತ್ತು. ಅಷ್ಟೆಲ್ಲ ಗೊತ್ತಿದ್ದೂ ಗಂಟೆ ಎಲ್ಲಿಗೆ ಅಂತ ಗೊತ್ತಿಲ್ಲ. ಹೋಂಗ್‌ಲಿಯುನಲ್ಲಿ ಅಂಥವನು ಒಬ್ಬನೇ. ಒಂಟೆನ ಬರೀ ಕ್ಯಾಮೆರಾ ಗಾಜಿನೊಳಗಿಂದ ನೋಡಿದವನು."

ಚೈ ಈಗ ಫಾನ್‌ನ ಎದುರಿಗೆ ಬಂದಿದ್ದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ಸಿಟ್ಟಿದ್ದಿದ್ದರೆ ಫಾನ್‌ಗೆ ಸಲೀಸಾಗುತ್ತಿತ್ತು.

"ನಾಕು ವರ್ಷದ ಹಿಂದ ಬಂದಿ. ಕ್ಯಾಮೆರಾ ಒಂದು ಬಿಟ್ರ ಕೈಯಾಗ ಏನೂ ಇರಲಿಲ್ಲ. ನಮ್ಮ ಮನ್ಯಾಗ ಉಂಡಿ. ಸೂರ್ಯ ಹುಟ್ಟೋ ಫೋಟೋ ಬೇಕು ಕಾಕಾ ಅಂದಿ, ಒಂಟಿ ಕೊಟ್ಟೆ. ದಾರ ಕಟ್ಟೋದು ಕಲಿಸಿದೆ." ಅವನು ಗಂಟೆಯ ಕಡೆ ಕೈ ತೋರಿಸಿದ. "ಕಿವಿ ಕೊಡೋದು ಕಲಿಸಲಿಲ್ಲ ನೋಡು. ತಪ್ಪು ನಂದ."

ಫಾನ್ ಬೇರೆ ಕಡೆ ನೋಡಿದ.

"ಇವೆಲ್ಲ ಮಾತು," ಎಂದ. "ಬರೀ ಮಾತು. ಆ ಪಟ್ಟಿ ಎಲ್ಲಿದೆ? ನನ್ನ ರೂಮು ನೋಡಿ. ಚೀಲ ನೋಡಿ. ಜೇಬು ನೋಡಿ. ನೋಡ್ರಿ ಬೇಕಾದ್ರೆ."

"ರೂಮು ನಿನ್ನೆ ನೋಡಾಯ್ತು," ಎಂದ ಗೆಂಗ್, ಹುಬ್ಬು ಗಂಟಿಕ್ಕಿ. "ಏನೂ ಇರಲಿಲ್ಲ, ಅಕ್ಕ."

ಯುನ್‌ಷಿಯಾ ನಡೆದು ಹೋಗಿ ಕ್ಯಾಮೆರಾ ಸ್ಟ್ಯಾಂಡಿನ ಮುಂದೆ ಕೂತಳು. ಮೂರು ಕಾಲಿನ ಅಲ್ಯೂಮಿನಿಯಂ ಸ್ಟ್ಯಾಂಡು. ಎರಡು ಕಾಲುಗಳನ್ನು ಉದ್ದಕ್ಕೆ ಎಳೆದು ನಿಲ್ಲಿಸಲಾಗಿತ್ತು. ಮೂರನೆಯದು ಮೋಟಾಗಿತ್ತು, ಅದರ ಕೆಳಗೆ ಒಂದರ ಮೇಲೊಂದು ಮೂರು ಇಟ್ಟಿಗೆ.

"ಫಾನ್, ಈ ಇಟ್ಟಿಗೆ ಎಲ್ಲಿಂದ ತಂದೆ?"

ಫಾನ್ ಕತ್ತಿನ ಬೆವರು ಒರೆಸಿಕೊಂಡ.

"ದಿಬ್ಬ ಹತ್ತೋವಾಗ ನೀರಿನ ಬಾಟಲಿ ಭಾರ ಅಂತ ಅರ್ಧ ಚೆಲ್ಲಿ ಬರೋ ಮನುಷ್ಯ ನೀನು. ಮೂರು ದಿನದಿಂದ ಇಟ್ಟಿಗೆ ಹೊತ್ಕೊಂಡು ಬರ್ತಿದ್ದೀಯ. ಮೊದಲನೇ ದಿನ ನನಗೆ ನಗು ಬಂತು. ಎರಡನೇ ದಿನ ಪಾಪ ಅನ್ನಿಸ್ತು, ಕಾಲು ಕೆಟ್ಟಿರ್ಬೇಕು, ರಿಪೇರಿಗೆ ದುಡ್ಡಿಲ್ಲ ಅಂತ. ನಿನ್ನೆ ರಾತ್ರಿ ಬಟ್ಟಲು ಬಿದ್ದ ಮೇಲೆ ನೆನಪಾಯ್ತು." ಅವಳು ತಿರುಗಿದಳು. "ಗೆಂಗ್ ಅವರೇ, ಆ ಪಟ್ಟಿ ಎಷ್ಟುದ್ದ?"

"ಒಂದು ಗೇಣು. ಎರಡು ಬೆರಳಿಗಿಂತ ಅಗಲ ಕಮ್ಮಿ."

"ಒಳಗಿನ ಕೊಳವೆ ತೆಗೆದ್ರೆ ಈ ಕಾಲಲ್ಲಿ ಎಷ್ಟು ಜಾಗ ಇರುತ್ತೆ?"

ಗೆಂಗ್ ಓಡಿಬಂದ. ಓಡಿ ಬಂದ ಎನ್ನುವುದು ಮರ್ಯಾದೆಯ ಮಾತು. ಎರಡು ಸಲ ಬಿದ್ದು ಒಂದು ಸಲ ಉರುಳಿ ಬಂದ. ಫಾನ್‌ನ ಕಾಲುಗಳು ಕೊನೆಗೂ ಚಲಿಸಿದವು, ಆದರೆ ಒಂದೇ ಹೆಜ್ಜೆ. ಎದುರಿಗೆ ಚೈನ ಕೊನೆಯ ಒಂಟೆ ಬಿಳಿಗದ್ದ ಅಡ್ಡ ನಿಂತಿತ್ತು. ಅದು ಗಂಟಲಿನಲ್ಲಿ ಗೊರಗೊರ ಮಾಡಿ ಅವನ ಅಂಗಿಯ ಮೇಲೆ ಉಗಿಯಿತು. ಪ್ರವಾಸಿಗರು ಚಪ್ಪಾಳೆ ತಟ್ಟಿದರು.

ಗೆಂಗ್ ಕೈಗವಸು ಹಾಕಿಕೊಂಡು ಮೋಟು ಕಾಲಿನ ಮುಚ್ಚಳ ತಿರುಗಿಸಿದ. ಒಳಗೆ ಹತ್ತಿ. ಹತ್ತಿಯೊಳಗೆ ಎಣ್ಣೆ ಕಾಗದ. ಕಾಗದದ ಮಡಿಕೆಯ ನಡುವೆ, ಒಣಗಿದ ಖರ್ಜೂರದ ಬಣ್ಣದ ಮರದ ಪಟ್ಟಿ. ಅದರ ಮೇಲೆ ಇರುವೆ ಸಾಲಿನಂಥ ಅಕ್ಷರಗಳು.

ಆ ಅಕ್ಷರಗಳು ಯುನ್‌ಷಿಯಾಗೆ ಬಾಯಿಪಾಠ. ವಾರಕ್ಕೆ ಐದು ಗುಂಪಿಗೆ ಹೇಳುವ ಕಥೆ. ಮರಳುಗಾಡಿನ ಕಾವಲುಗೋಪುರದಲ್ಲಿದ್ದ ಒಬ್ಬ ಸೈನಿಕ ಮನೆಗೆ ಬರೆದದ್ದು: ಚಳಿ ಶುರುವಾಗಿದೆ, ಕಾಲಿಗೆ ಏನೂ ಇಲ್ಲ, ಒಂದು ಜೊತೆ ಕಾಲುಚೀಲ ಕಳಿಸಿ. ಆ ಕಥೆ ಮೊದಲ ಸಲ ಕೇಳಿದ ವರ್ಷದಿಂದ ಚೈ ಪ್ರತಿ ಚಳಿಗಾಲ ಒಂಟೆಯ ಉಣ್ಣೆಯ ಒಂದು ಜೊತೆ ಕಾಲುಚೀಲವನ್ನು ಹೆಂಡತಿಯ ಕೈಯಲ್ಲಿ ಹೆಣೆಸಿ ಆ ಗಾಜಿನ ಪೆಟ್ಟಿಗೆಯ ಕೆಳಗೆ ಇಟ್ಟು ಬರುತ್ತಿದ್ದ. ಕಾವಲಿನವರು ನಗುತ್ತಿದ್ದರು. ಪೊಲೀಸರು ಅದನ್ನೇ ಅವನ ಮೇಲಿನ ಮುಖ್ಯ ಅನುಮಾನವೆಂದು ಬರೆದುಕೊಂಡಿದ್ದರು, ಮುದುಕನಿಗೆ ಆ ಪಟ್ಟಿಯ ಹುಚ್ಚು ಎಂದು.

ಚೈ ಬಾಗಿ ನೋಡಿದ. "ಮುರಿದಿಲ್ಲ ಅಲ್ಲ?"

"ಇಲ್ಲ ಕಾಕಾ."

"ಸಿಪಾಯಿ ಹುಡುಗ ಪಾಪ, ಬಿಸಲಾಗ ಬಂದು ಬಿದ್ದಾನ. ಮುಚ್ಚರಿ, ಮುಚ್ಚರಿ."

ಗೆಂಗ್ ವಸ್ತುಸಂಗ್ರಹಾಲಯಕ್ಕೆ ಫೋನು ಮಾಡಿದ. ಆ ಕಡೆಯಿಂದ ಮೇಲ್ವಿಚಾರಕಿಯ ದನಿ ಮೊದಲು ಅತ್ತಿತು, ಆಮೇಲೆ ಗದರಿಸಿತು: ಕೈಯಲ್ಲಿ ಹಿಡಿಯಬೇಡಿ, ಗಾಳಿಗೆ ಒಡ್ಡಬೇಡಿ, ಯಾವುದರಲ್ಲಿ ಹೇಗಿದೆಯೋ ಹಾಗೇ ತನ್ನಿ. ಗೆಂಗ್ ಪಟ್ಟಿಯನ್ನು ಮತ್ತೆ ಅದೇ ಕಾಲಿನೊಳಗೆ ಇಳಿಸಿ ಮುಚ್ಚಳ ಬಿಗಿದ. ಫಾನ್‌ನ ಕೈಗೆ ಕೋಳ ಬಿತ್ತು. ಸ್ಟ್ಯಾಂಡನ್ನು ಹೆಗಲಿಗೇರಿಸಿ ಗೆಂಗ್ ಎರಡು ಹೆಜ್ಜೆ ಇಟ್ಟ, ಮೂರನೆಯದಕ್ಕೆ ಕುಂಡೆಯ ಮೇಲೆ ಕೂತ.

"ಗೆಂಗ್ ಅವರೇ, ಎರಡು ಸಾವಿರ ವರ್ಷ ಉಳಿದಿದ್ದು ನಿಮ್ಮ ಕೈಯಲ್ಲಿ ಇವತ್ತೇ ಮುರಿಯುತ್ತೆ," ಎಂದಳು ಯುನ್‌ಷಿಯಾ. "ಇದನ್ನ ಬಿಳಿಗದ್ದನ ಮೇಲೆ ಕಟ್ಟೋಣ. ನೀವು ಕಳ್ಳನ್ನ ಕರ್ಕೊಂಡು ಮರದ ಮೆಟ್ಟಿಲಲ್ಲಿ ಇಳೀರಿ. ನಾನೂ ಕಾಕಾನೂ ಒಂಟೆ ಜೊತೆ ಸುತ್ತು ಹಾದಿಯಲ್ಲಿ ಬರ್ತೀವಿ. ಇಪ್ಪತ್ತು ನಿಮಿಷ."

"ನನ್ನ ಜವಾಬ್ದಾರಿ ಅಕ್ಕ ಅದು."

"ಹಂಗ ಮಾಡ್ರಿ ಸಾಹೇಬ್ರ," ಎಂದ ಚೈ. "ನಮ್ಮ ಮಂದಿ ಯಾವತ್ತೂ ಬೆಲಿ ಬಾಳೋ ಹೊರೀನ ಕಡೀ ಒಂಟಿ ಮ್ಯಾಲೆ ಹಾಕೋದು. ಕಿವಿ ಅಲ್ಲೇ ಇರತೈತಲ್ಲ."

ಗೆಂಗ್ ಕೆಳಗೆ ನೋಡಿದ, ಮೆಟ್ಟಿಲಿನ ಕಡಿದಾದ ಇಳಿಜಾರನ್ನು ನೋಡಿದ, ಒಪ್ಪಿದ. "ಯಾರಿಗೆ ಮಾರೋಕೆ ಹೊರಟಿದ್ದೆ?" ಎಂದು ಫಾನ್‌ನ ಭುಜ ಹಿಡಿದು ಕೇಳಿದ.

ಫಾನ್ ಅಂಗಿಯ ಮೇಲಿನ ಒಂಟೆಯ ಎಂಜಲನ್ನು ಕೋಳದ ಕೈಯಲ್ಲೇ ಒರೆಸಿಕೊಂಡ. ವಿಚಿತ್ರವೆಂದರೆ ಅವನ ಮುಖದಲ್ಲಿ ಸೋಲು ಇರಲಿಲ್ಲ.

"ಕೌ ಅಕ್ಕ, ನೀವು ಒಳ್ಳೇ ಗೈಡು," ಎಂದ. "ಇಳಿಯೋಕೆ ಮುಂಚೆ ತಲೆ ಎಣಿಸೋದು ಮರೀಬೇಡಿ."

"ನನ್ನ ಕಸುಬು ನನಗೆ ಕಲಿಸ್ಬೇಡ, ನಡಿ."

ಆದರೆ ಮರೆತಳು.

ಮರೆಯದೆ ಏನು ಮಾಡಿಯಾಳು? ಹದಿನಾರು ಜನರೂ ಅವಳನ್ನು ಮುತ್ತಿಕೊಂಡಿದ್ದರು. ಒಬ್ಬಳು ಕೈ ಹಿಡಿದು ಕುಲುಕುತ್ತಿದ್ದಳು, ಮತ್ತೊಬ್ಬ ತನ್ನ ಟೋಪಿಯ ಮೇಲೆ ಸಹಿ ಕೇಳುತ್ತಿದ್ದ. ದುಡ್ಡು ವಸೂಲಿನ ಮಾತಾಡಿದ್ದವನು ಮುಂದಿನ ವರ್ಷ ಮಾವನ ಮನೆಯವರನ್ನೆಲ್ಲ ಕರೆತರುತ್ತೇನೆ, ಇನ್ನೊಂದು ಕಳ್ಳತನ ಇಟ್ಟುಕೊಂಡಿರಿ ಎಂದ. ಬಾವುಟದ ಕೋಲನ್ನು ಅಂಗೈಗೆ ಬಡಿದು ಬಡಿದು ತಲೆ ಎಣಿಸದೆ ಯುನ್‌ಷಿಯಾ ಇಪ್ಪತ್ತೊಂದು ವರ್ಷದಲ್ಲಿ ಒಂದು ಜಾಗವನ್ನೂ ಬಿಟ್ಟವಳಲ್ಲ. ಇವತ್ತು ಬಿಟ್ಟಳು.

ಚೈ ಗಂಟೆಯನ್ನು ಮೊದಲ ಒಂಟೆಯಿಂದ ಬಿಚ್ಚಿದ. ಸಾಲಿನ ಉದ್ದಕ್ಕೂ ನಡೆದು, ಎಲ್ಲರೂ ನೋಡುತ್ತಿರುವಂತೆ, ಬಿಳಿಗದ್ದನ ಕೊರಳಿಗೆ ಕಟ್ಟಿದ. ಮತ್ತೆ ಚಪ್ಪಾಳೆ.

ಮೆಟ್ಟಿಲು ಇಳಿಯಲಾರದ ಐದು ಜನ ಒಂಟೆ ಹತ್ತಿದರು. ನಾಲ್ಕನೆಯದರ ಮೇಲೆ ವೂಷಿಯ ಹೆಂಗಸು. ಐದನೆಯದರ ಮೇಲೆ, ಜೀನಿನ ಹಿಂದೆ ಕಟ್ಟಿದ ಸ್ಟ್ಯಾಂಡಿಗೆ ಬೆನ್ನು ಕೊಟ್ಟು, ಬೂದು ಟೋಪಿಯ ಬೈ ಮೇಷ್ಟ್ರು. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು. ಮಂಡಿನೋವು ಎಂದು ಬೆಳಿಗ್ಗೆಯಿಂದ ಬಸ್ಸಿನ ಮುಂದಿನ ಸೀಟಿನಲ್ಲಿ ತೆಪ್ಪಗೆ ಕೂತು ಬಂದಿದ್ದರು.

"ಒಂಟೆ ಹಿಂಗಾಲು ಮೊದಲು ಎತ್ತುತ್ತೆ, ಹಿಂದಕ್ಕೆ ವಾಲಿ, ಹಿಂದಕ್ಕೆ," ಎಂದು ಯುನ್‌ಷಿಯಾ ಎಂದಿನಂತೆ ಕೂಗಿದಳು. ಒಂದೊಂದು ಒಂಟೆ ಏಳುವಾಗಲೂ ಮೇಲಿದ್ದವರು ಮುಂದಕ್ಕೆ ಮುಗ್ಗರಿಸಿ ಗೂನು ತಬ್ಬಿಕೊಂಡರು. ಬೈ ಮೇಷ್ಟ್ರು ಮಾತ್ರ ಅವಳು ಕೂಗುವ ಮುಂಚೆಯೇ ಹಿಂದಕ್ಕೆ ವಾಲಿದ್ದರು. ಒಳ್ಳೆಯ ವಿದ್ಯಾರ್ಥಿ ಎಂದುಕೊಂಡಳು ಯುನ್‌ಷಿಯಾ, ಅಷ್ಟೆ.

ಸಾಲು ಹೊರಟಿತು. ಮುಂದೆ ಚೈ, ಅವನ ಪಕ್ಕಕ್ಕೆ ಅವಳು. ಹಿಂದೆ ಗಂಟೆ. ಢಣ್, ಢಣ್, ಢಣ್. ದಿಬ್ಬದ ಬೆನ್ನಿನ ಹಿಂದಿನಿಂದ ಬಳಸಿಕೊಂಡು ಹೋಗುವ ಹಾದಿಯಲ್ಲಿ ಗಾಳಿ ಎದ್ದಿತ್ತು. ಮರಳು ಕಾಲ ಮಟ್ಟದಲ್ಲಿ ಹೊಗೆಯಂತೆ ಹರಿಯುತ್ತಿತ್ತು.

"ಕಾಕಾ, ಈಗಲಾದ್ರೂ ನಗಿ."

"ನಕ್ಕೊಂಡೇ ಬರಾಕತ್ತೀನವ್ವ. ಗಾಳಿಗೆ ಹಲ್ಲಾಗ ಮರಳು ಹೊಕ್ಕೈತಿ ಅಂತ ಬಾಯಿ ಮುಚ್ಚೀನಿ."

"ಕಾಕಿಗೆ ಏನ್ ಹೇಳ್ತೀರಿ?"

"ಏನ್ ಹೇಳೋದು? ಮೂರು ದಿನದಿಂದ ಒಲಿ ಹಚ್ಚಿಲ್ಲ ಆಕಿ. ಇವತ್ತು ಕುರಿ ಮಾಂಸ ಹಾಕಿ ನೂಡಲ್ಸ್ ಮಾಡು, ಯುನ್‌ಷಿಯಾ ಬರ್ತಾಳ ಅಂತ ಹೇಳ್ತೀನಿ." ಸ್ವಲ್ಪ ದೂರ ನಡೆದ ಮೇಲೆ ಅವನೇ ಮತ್ತೆ ಹೇಳಿದ: "ನೀ ನಂಬಿದಿ. ಊರಾಗ ನೀ ಒಬ್ಬಾಕಿ ನಂಬಿದಿ. ಅದನ್ನ ಹೆಂಗ ಹೇಳಬೇಕು ನನಗ ಗೊತ್ತಾಗವಲ್ದು."

"ಹೇಳ್ಬೇಡಿ. ಮಾಂಸ ಜಾಸ್ತಿ ಹಾಕಿಸಿ."

ಚೈ ಈ ಸಲ ಬಾಯಿ ತೆರೆದೇ ನಕ್ಕ. ಹಿಂದೆ ಗಂಟೆ ಬಡಿಯುತ್ತಲೇ ಇತ್ತು. ಅವನು ಒಂದು ಸಲವೂ ತಿರುಗಿ ನೋಡಲಿಲ್ಲ. ನೋಡಬೇಕಾದ ಅಗತ್ಯವೇನು?

ಕೆಳಗೆ ಬಾಗಿಲ ಹತ್ತಿರ ಜಾತ್ರೆಯಾಗಿತ್ತು. ಸುದ್ದಿ ಮೆಟ್ಟಿಲಿಳಿದು ಮೊದಲೇ ಬಂದುಬಿಟ್ಟಿತ್ತು. ಒಂಟೆಯವರೆಲ್ಲ ಸಾಲಾಗಿ ನಿಂತಿದ್ದರು, ನಿನ್ನೆ ಚೈನ ಮುಖ ಕಂಡರೆ ನೆಲ ನೋಡಿದವರು. ಕರಬೂಜ ಮಾರುವವಳು ಇಡೀ ಹಣ್ಣೊಂದನ್ನು ಹೋಳು ಮಾಡಿ, "ಚೈ ಅಣ್ಣಂಗೆ ದುಡ್ಡಿಲ್ಲ, ಮಿಕ್ಕವರು ಜೇಬಿಗೆ ಕೈ ಹಾಕಿ," ಎನ್ನುತ್ತಿದ್ದಳು. ಒಂಟೆ ತಂಡದ ಮುಖ್ಯಸ್ಥ ಫು ಮುಖ ಕೆಂಪು ಮಾಡಿಕೊಂಡು ಮುಂದೆ ಬಂದ. ಅವನ ಕೈಯಲ್ಲಿ ನಲವತ್ತೇಳರ ಬಿಲ್ಲೆ.

"ಚೈ ಅಣ್ಣ, ಮೇಲಿನವರ ಆರ್ಡರು. ನಾನೇನು ಮಾಡ್ಲಿ?"

"ಕೀಳಾಕ ಎರಡು ಕೈ ಹಚ್ಚಿದ್ದಿ. ಕಟ್ಟಾಕೂ ಎರಡು ಕೈ ಹಚ್ಚು."

ಎಲ್ಲರೂ ಗೊಳ್ಳೆಂದರು. ಫು ಎರಡೂ ಕೈಯಿಂದ, ತಲೆ ತಗ್ಗಿಸಿ, ಚೈನ ಎದೆಗೆ ಬಿಲ್ಲೆ ಕಟ್ಟಿದ. ಜಿಲ್ಲಾ ಠಾಣೆಯ ಜೀಪಿನೊಳಗೆ, ಚೈ ಕೂರಬೇಕಿದ್ದ ಜಾಗದಲ್ಲಿ, ಫಾನ್ ಕೂತಿದ್ದ. ಐದೂ ಹತ್ತು. ಆರಕ್ಕೆ ಇನ್ನೂ ಐವತ್ತು ನಿಮಿಷ ಬಾಕಿ ಇತ್ತು. ಯುನ್‌ಷಿಯಾ ಕರಬೂಜದ ಹೋಳು ಕಚ್ಚಿದಳು. ಜನ್ಮದಲ್ಲಿ ಅಷ್ಟು ಸಿಹಿ ಹಣ್ಣು ತಿಂದ ನೆನಪಿರಲಿಲ್ಲ ಅವಳಿಗೆ.

ಜೀಪಿನ ಕಿಟಕಿಯಿಂದ ಫಾನ್ ಅವಳನ್ನೇ ನೋಡುತ್ತಿದ್ದ. ಅವನ ತುಟಿ ನಿಧಾನವಾಗಿ ಅಲುಗಾಡುತ್ತಿತ್ತು. ಒಂದು. ಎರಡು. ಮೂರು.

ಎಣಿಸುತ್ತಿದ್ದ.

ಯುನ್‌ಷಿಯಾ ಹೋಳನ್ನು ಕೆಳಗಿಟ್ಟಳು. ಬಾವುಟದ ಕೋಲನ್ನು ಅಂಗೈಗೆ ಬಡಿಯುತ್ತ ಕಿತ್ತಳೆ ಗವಸುಗಳ ಮೇಲೆ ಕಣ್ಣು ಹಾಯಿಸಿದಳು. ಹದಿಮೂರು, ಹದಿನಾಲ್ಕು, ಹದಿನೈದು. ಮತ್ತೆ ಮೊದಲಿಂದ ಎಣಿಸಿದಳು. ಹದಿನೈದು.

"ಗೆಂಗ್ ಅವರೇ, ಬೈ ಮೇಷ್ಟ್ರು ಎಲ್ಲಿ?"

"ಒಂಟೆ ಮೇಲೆ ನಿಮ್ಮ ಜೊತೆ ಬಂದ್ರಲ್ಲ."

ಅವಳು ತಿರುಗಿದಳು. ಸಾಲು ಅಲ್ಲೇ ನಿಂತಿತ್ತು. ಒಂಟೆಯೊಂದು ನೊಣ ಓಡಿಸಲು ಕತ್ತು ಕೊಡವಿತು, ಗಂಟೆ ಢಣ್ ಎಂದಿತು. ಕೊನೆಯ ಒಂಟೆಯ ಕೊರಳಲ್ಲೇ ಇತ್ತು ಗಂಟೆ.

ಆದರೆ ಅದು ನಾಲ್ಕನೆಯ ಒಂಟೆ.

ಐದನೆಯದು ಇರಲಿಲ್ಲ. ಬಿಳಿಗದ್ದ ಇರಲಿಲ್ಲ, ಸ್ಟ್ಯಾಂಡು ಇರಲಿಲ್ಲ, ಅದರ ಮೋಟು ಕಾಲಿನೊಳಗೆ ಎರಡು ಸಾವಿರ ವರ್ಷದಿಂದ ಕಾಲುಚೀಲ ಕೇಳುತ್ತಿದ್ದ ಹುಡುಗನೂ ಇರಲಿಲ್ಲ.

"ನೀವು ಅವರ ಮುಂದೆ ಇದ್ರಲ್ಲಮ್ಮ, ಏನೂ ನೋಡ್ಲಿಲ್ವಾ?" ಯುನ್‌ಷಿಯಾ ವೂಷಿಯ ಹೆಂಗಸನ್ನು ಕೇಳಿದಳು.

"ನೋಡ್ದೆ. ತಿರುವಲ್ಲಿ ಇಳಿದು ಪಕ್ಕದಲ್ಲೇ ನಡ್ಕೊಂಡು ಬಂದ್ರು. ಆ ಗಂಟೆನ ಕೈಯಲ್ಲಿ ಬಡಿಸ್ತಾನೇ ತಂದು ನನ್ನ ಒಂಟೆಗೆ ಹಾಕಿದ್ರು. ಅದರ ಕಿವಿಯಲ್ಲಿ ಏನೋ ಹೇಳಿದ್ರು, ಅದು ನಡೀತಾನೇ ಸುಮ್ಮನೆ ಹಾಕಿಸ್ಕೊಳ್ತು." ಹೆಂಗಸಿನ ಎರಡು ಕಣ್ಣು ಗಾಬರಿಯಿಂದ ಅಗಲವಾದವು. "ಅಷ್ಟು ಸಲೀಸಾಗಿ ಮಾಡಿದ್ರು, ನಿಮ್ಮ ಕಡೆಯವರೇ ಅಂದ್ಕೊಂಡೆ."

ಗೆಂಗ್ ಆಗಲೇ ಫೋನಿನಲ್ಲಿ ಕೂಗಾಡುತ್ತಿದ್ದ. ಯುನ್‌ಷಿಯಾ ಚೈನ ಕಡೆ ನೋಡಿದಳು.

ಚೈ ಗಂಟೆ ಕಟ್ಟಿದ ದಾರವನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದ. ಅದು ಜಾರುಗಂಟಲ್ಲ. ದಾರ ಎರಡು ಸುತ್ತು ಬಂದು, ತನ್ನ ಕೆಳಗೆ ತಾನೇ ನುಸುಳಿ, ಬಾಲದಂತೆ ಒಂದು ತುದಿ ಬಿಟ್ಟಿತ್ತು. ಅವನ ಎದೆಯ ಮೇಲೆ ಹೊಸದಾಗಿ ಕಟ್ಟಿದ ಬಿಲ್ಲೆ ಏರಿ ಇಳಿಯುತ್ತಿತ್ತು.

"ಇದು ನಾ ಕಲಿಸಿದ ಗಂಟಲ್ಲ ಯುನ್‌ಷಿಯಾ," ಎಂದ. ಅವನ ದನಿ ಒಂಟೆ ಕೆಲಸ ಕಲಿಯಲು ಬಂದ ಹನ್ನೆರಡು ವರ್ಷದ ಹುಡುಗನ ದನಿಯಂತಿತ್ತು. "ನನಗ ಕಲಿಸಿದವನ ಗಂಟು. ಅವನ್ನ ಈ ಮರಳಾಗ ನನ್ನ ಕೈಯಾರ ಹೂತು ನಲವತ್ತು ವರ್ಷ ಆತು."